ಪೆಟ್ಟು ಬಿದ್ದದ್ದು ಟಂಕಸಾಲೆಯಲ್ಲೋ, ಆಮೇಲೋ?

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಹಳೆಯ ನಾಣ್ಯಗಳಿಗೆ ಆಗಿರುವ ಗಾಯಗಳ ಬಗ್ಗೆ ಇವೆ. ಒಂದೊಂದಾಗಿ ಉತ್ತರಿಸುವ ಮೊದಲು ಎಲ್ಲರಲ್ಲೂ ಒಂದು ವಿನಂತಿ. ನಾಣ್ಯಕ್ಕೆ ಏನಾಗಿದೆ ಎಂದು ತಿಳಿಯಬೇಕಿದ್ದರೆ ಅದನ್ನು ತೊಳೆಯಬೇಡಿ, ಉಜ್ಜಬೇಡಿ. ಹುಣಸೆಹಣ್ಣು, ನಿಂಬೆಹುಳಿ, ಬೂದಿ, ಹಲ್ಲುಪುಡಿ ಯಾವುದೂ ಬೇಡ. ಗೀರಿನೊಳಗೆ ಕೂತ ಕಪ್ಪು, ತೂತಿನ ಒಳಗೋಡೆಯ ಬಣ್ಣ, ಬೆಸುಗೆಯ ಸುತ್ತಲಿನ ಕಲೆ ಇವೇ ಸಾಕ್ಷಿ. ಬಂದ ಫೋಟೊಗಳಲ್ಲಿ ಅರ್ಧಕ್ಕರ್ಧ ನಾಣ್ಯಗಳು ಆಗಲೇ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿವೆ. ನೋಡಿದರೆ ಸಂಕಟವಾಗುತ್ತದೆ.

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ 1882ರ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಸಿಕ್ಕಿದೆ. ರಾಣಿಯ ಕಿರೀಟದ ಮೇಲೆ, ಅಂಚಿಗೆ ತಾಗಿದಂತೆ, ಹೆಸರುಕಾಳಿನಷ್ಟು ಒರಟು ಕಲೆ ಇದೆ. ಹಿಂಬದಿಯಲ್ಲೂ ಅದೇ ಜಾಗದಲ್ಲಿ ಅಂಥದೇ ಕಲೆ. ಕೆನ್ನೆಯ ಮೇಲೆ ಎರಡು ಗೀರು, ಅಂಚಿನಲ್ಲಿ ಒಂದು ಕಚ್ಚು. ತೂಕ 11.48 ಗ್ರಾಂ. ಒಬ್ಬರು ಇದು ಟಂಕಸಾಲೆಯ ತಪ್ಪು, ಭಾರಿ ಬೆಲೆ ಬರುತ್ತದೆ ಅಂದರು. ಇನ್ನೊಬ್ಬರು ಖೋಟಾ ಅಂದರು. ನಿಜ ಏನು? ಮನೆಯಲ್ಲೇ ಪರೀಕ್ಷಿಸುವುದು ಹೇಗೆ? ಫೋಟೊ ಕಳಿಸಿದ್ದೇನೆ.
— ಶಿರಸಿಯ ಓದುಗರು

ಉತ್ತರ: ಫೋಟೊ ನೋಡಿದರೆ ಎರಡೂ ಅಲ್ಲ. ಇದು ಕೊಂಡಿ ಹಾಕಿಸಿ ಕೊರಳಿಗೆ ಕಟ್ಟಿಕೊಂಡಿದ್ದ ಅಸಲಿ ರೂಪಾಯಿ. ಆ ಮಾತನ್ನು ನೀವೇ ಪರೀಕ್ಷಿಸಿ ನೋಡಬಹುದು. ಬೇಕಾಗುವುದು ಇಷ್ಟು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮೊಬೈಲ್ ಟಾರ್ಚ್, 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ, ತೆಳು ದಾರ, ಒಂದು ಲೋಟ ನೀರು.

ಮೊದಲು ಖೋಟಾ ಅನುಮಾನ ಮುಗಿಸೋಣ. 1835ರಿಂದ 1939ರವರೆಗಿನ ರೂಪಾಯಿಯ ಕಟ್ಟುತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಅದೇ ಒಂದು ತೊಲ. ಬೆಳ್ಳಿ ನೂರಕ್ಕೆ 91.7 ಪಾಲು, ಉಳಿದದ್ದು ತಾಮ್ರ. ನಿಮ್ಮದು 0.18 ಗ್ರಾಂ ಕಡಿಮೆ ಇದೆ, ಅಂದರೆ ನೂರಕ್ಕೆ ಒಂದೂವರೆ ಪಾಲು ಸವೆದಿದೆ. ಕೈಯಿಂದ ಕೈಗೆ ಓಡಾಡಿದ ರೂಪಾಯಿಗೆ ಇದು ಸಹಜ.

ತೂಕವೊಂದೇ ಸಾಲದು, ಸಾಂದ್ರತೆಯನ್ನೂ ನೋಡಿ. ಲೋಟದಲ್ಲಿ ಮುಕ್ಕಾಲು ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗದಂತೆ ಇಳಿಬಿಡಿ. ತಳಕ್ಕೆ ತಾಗಿದರೆ ನಾಣ್ಯದ ಭಾರವೇ ತಕ್ಕಡಿಯ ಮೇಲೆ ಬಿದ್ದು ಲೆಕ್ಕ ಕೆಡುತ್ತದೆ. ಮೈಗೆ ಗಾಳಿಗುಳ್ಳೆ ಅಂಟಿದರೂ ಕೆಡುತ್ತದೆ, ಆದ್ದರಿಂದ ಮೆಲ್ಲಗೆ ಅಲ್ಲಾಡಿಸಿ ಗುಳ್ಳೆ ಬಿಡಿಸಿ. ಈಗ ತಕ್ಕಡಿ ತೋರಿಸುವ ಗ್ರಾಂ ಲೆಕ್ಕವೇ ನಾಣ್ಯದ ಗಾತ್ರ, ಮಿಲಿಲೀಟರ್‌ನಲ್ಲಿ. 11.48ನ್ನು ಅದರಿಂದ ಭಾಗಿಸಿ. ಅಸಲಿಯಾದರೆ ತಕ್ಕಡಿ 1.10ರಿಂದ 1.12ರೊಳಗೆ ತೋರಿಸುತ್ತದೆ, ಸಾಂದ್ರತೆ 10.3ರ ಆಸುಪಾಸು ಬರುತ್ತದೆ. ಬೆಳ್ಳಿಯಂತೆ ಕಾಣುವ ಜರ್ಮನ್ ಸಿಲ್ವರಿನಲ್ಲಿ ಎರಕ ಹೊಯ್ದ ಖೋಟಾ ನಾಣ್ಯವಾದರೆ ಅದು 9ರ ಕೆಳಗಿಳಿಯುತ್ತದೆ. ಒಂದು ಎಚ್ಚರಿಕೆ: 1940ರಿಂದೀಚಿನ ಬೆಳ್ಳಿ ರೂಪಾಯಿಗೆ ಈ ಅಂಕಿ ಹೊಂದುವುದಿಲ್ಲ. ಯುದ್ಧಕಾಲದಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ತಾಮ್ರ, ನಿಕ್ಕಲ್, ಸತು ಬೆರೆಸಿದ್ದರಿಂದ ಅವುಗಳ ಸಾಂದ್ರತೆ 9.5ರ ಹತ್ತಿರ ಇರುತ್ತದೆ. ಅದನ್ನು ಖೋಟಾ ಎಂದುಕೊಳ್ಳಬೇಡಿ.

ಇನ್ನು ಗಾಯಗಳಿಗೆ ಬರೋಣ. ಯಾವ ಗಾಯ ಕಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿದ್ದ ಲೋಹ ಎಲ್ಲಿಗೆ ಹೋಯಿತು? ಲೋಹ ತಾನಾಗಿ ಮಾಯವಾಗುವುದಿಲ್ಲ. ಉಳಿ ತಾಗಿದರೆ ಗೀರಿನ ಎರಡೂ ಬದಿಗೆ ಸರಿದು ತುಟಿಯಂತೆ ಉಬ್ಬುತ್ತದೆ. ಅರ ತಾಗಿದರೆ ಪುಡಿಯಾಗಿ ಉದುರುತ್ತದೆ, ತುಟಿ ಇರುವುದಿಲ್ಲ, ಒತ್ತೊತ್ತಾದ ಸಮಾನಾಂತರ ಗೆರೆ ಉಳಿಯುತ್ತದೆ. ಸುತ್ತಿಗೆ ಬಿದ್ದರೆ ತಗ್ಗು ಬಿದ್ದಷ್ಟೂ ಪಕ್ಕಕ್ಕೋ ಹಿಂಬದಿಗೋ ಹರಡುತ್ತದೆ. ಬೆಸುಗೆಯಾದರೆ ಹೊರಗಿನ ಲೋಹ ಬಂದು ಸೇರಿಕೊಂಡಿರುತ್ತದೆ. ಟಂಕಸಾಲೆಯ ದೋಷಕ್ಕೆ ಬೇರೆಯದೇ ಗುರುತು. ಅಚ್ಚು ಸೀಳಿದ್ದರೆ ಆ ಸೀಳಿನೊಳಗೆ ಲೋಹ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಗೆರೆ ಉಬ್ಬಿದ್ದರೆ ಅಚ್ಚಿನ ಕಡೆ ನೋಡಿ, ತಗ್ಗಾಗಿದ್ದು ತುಟಿ ಇದ್ದರೆ ಮನುಷ್ಯನ ಕೈ.

ಕೋಣೆ ಕತ್ತಲು ಮಾಡಿ, ನಾಣ್ಯವನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಟಾರ್ಚನ್ನು ಮೇಲಿಂದ ಬಿಡದೆ ಮೇಜಿನ ಮಟ್ಟಕ್ಕೆ ತಂದು ಪಕ್ಕದಿಂದ ಬಿಡಿ. ನಾಣ್ಯವನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಏರುತಗ್ಗು ಈ ಅಡ್ಡ ಬೆಳಕಿನಲ್ಲಿ ನೆರಳು ಚಾಚಿಕೊಂಡು ಎದ್ದು ನಿಲ್ಲುತ್ತದೆ.

ಕಿರೀಟದ ಮೇಲಿನ ಕಲೆಯಿಂದ ಶುರುಮಾಡಿ. ಅದು ನಾಣ್ಯದ ಮೈಗಿಂತ ಎತ್ತರದಲ್ಲಿದೆಯೇ? ಅದರೊಳಗೆ ಸೂಜಿಮೊನೆಯಷ್ಟು ಗುಳಿಗಳಿವೆಯೇ? ಬಣ್ಣ ತುಸು ಹಳದಿಗೆ ತಿರುಗಿದೆಯೇ? ಹಾಗಿದ್ದರೆ ಬೆಳ್ಳಿಬೆಸುಗೆ. ಅದರಲ್ಲಿ ತಾಮ್ರ, ಸತು ಹೆಚ್ಚಿರುವುದರಿಂದ ಆ ಬಣ್ಣ. ಬೂದುಬಣ್ಣದಲ್ಲಿ ಮಂಕಾಗಿದ್ದರೆ ತವರ-ಸೀಸದ ಅಗ್ಗದ ಬೆಸುಗೆ. ಈಗ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ, ಆ ಜಾಗದ ಅಂಚಿನ ಗೆರೆಗಳನ್ನು ನೋಡಿ. ಬೇರೆಲ್ಲ ಕಡೆ ಎಣಿಸುವಂತಿರುವ ಗೆರೆಗಳು ಅಲ್ಲಿ ನಾಲ್ಕೈದು ಮಿಲಿಮೀಟರ್ ಉದ್ದಕ್ಕೆ ತುಂಬಿಹೋಗಿದ್ದರೆ ಅಥವಾ ಅರದಿಂದ ಸಪಾಟಾಗಿದ್ದರೆ ವಿಷಯ ಇತ್ಯರ್ಥವಾಯಿತು. ಅಂಚನ್ನು ಎರಡೂ ಬದಿಯಿಂದ ತಬ್ಬುವ ಕೊಂಡಿ ಅಲ್ಲಿ ಕೂತಿತ್ತು, ಮುಂದೆ ಯಾರೋ ಅದನ್ನು ಕಿತ್ತು ಅರ ಹಾಕಿದ್ದಾರೆ. ಎರಡೂ ಬದಿಯಲ್ಲಿ ಒಂದೇ ಜಾಗಕ್ಕೆ ಕಲೆ ಬಂದದ್ದು ಅದಕ್ಕೇ. ಅಚ್ಚಿನ ದೋಷವಾಗಿದ್ದರೆ ಎರಡು ಬೇರೆ ಬೇರೆ ಅಚ್ಚುಗಳಲ್ಲಿ ಒಂದೇ ಜಾಗಕ್ಕೆ ಬರಲು ಕಾರಣವೇ ಇಲ್ಲ.

ಕಲೆಯ ಸುತ್ತ ನೇರಳೆ ಮಿಶ್ರಿತ ಬೂದು ನೆರಳು ಇದೆಯೇ ನೋಡಿ. ಬೆಸೆಯುವಾಗ ಅಕ್ಕಸಾಲಿಗರು ನಾಣ್ಯವನ್ನು ಕೆಂಪೇರುವಷ್ಟು ಕಾಯಿಸುತ್ತಾರೆ. ಆಗ ಬೆಳ್ಳಿಯೊಳಗಿನ ತಾಮ್ರ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೈಯ ಕೆಳಗೇ ಕಪ್ಪಾಗುತ್ತದೆ. ಈ ಮಿಶ್ರಲೋಹ ಸುಮಾರು 800 ಡಿಗ್ರಿ ದಾಟಿದರೆ ಕರಗಲು ಶುರುವಾಗುತ್ತದೆ. ಬೆಂಕಿ ತುಸು ಮೀರಿದರೂ ಅಕ್ಷರಗಳ ಚೂಪು ಹೋಗಿ ಬೆಣ್ಣೆಯಂತೆ ಉಂಡುಂಡಾಗುತ್ತವೆ. ನಿಮ್ಮ ಫೋಟೊದಲ್ಲಿ ಹತ್ತಿರದ ಅಕ್ಷರಗಳು ಚೂಪಾಗೇ ಇವೆ. ಕೊಂಡಿ ಹಾಕಿದವರು ಪಳಗಿದ ಕೈಯವರು.

ಕೊಂಡಿ ಕಿರೀಟದ ನೇರ ಮೇಲಿತ್ತು, ಆದ್ದರಿಂದ ರಾಣಿಯ ಮುಖ ನೆಟ್ಟಗೆ ಹೊರಗೆ ಕಾಣಲಿ ಎಂದೇ ಕಟ್ಟಿದ್ದು. ಹಾಗಿದ್ದರೆ ವರ್ಷ ಬರೆದಿರುವ ಹಿಂಬದಿ ಮೈಗೂ ಬಟ್ಟೆಗೂ ಉಜ್ಜಿರಬೇಕು. ಎರಡೂ ಬದಿಯ ಸವಕಳಿ ಹೋಲಿಸಿ. ಹಿಂಬದಿಯ ಹೂಬಳ್ಳಿಯ ಎಲೆಗಳ ನಡುನರ ಅಳಿಸಿಹೋಗಿದ್ದು, ರಾಣಿಯ ಕಡೆ ಅಂಥದೇ ಎತ್ತರದ ಭಾಗ ಉಳಿದಿದ್ದರೆ, ತುಂಬ ವರ್ಷ ತೊಟ್ಟಿದ್ದಾರೆ. ಚಲಾವಣೆಯ ಸವಕಳಿ ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ, ತೊಟ್ಟ ಸವಕಳಿ ಒಂದು ಬದಿಗೆ ವಾಲುತ್ತದೆ. ಕಾಸಿನ ಸರದಿಂದ ಬಿಚ್ಚಿದ ಸವರನ್ ಎಂಬ ಬ್ರಿಟಿಷ್ ಚಿನ್ನದ ನಾಣ್ಯಗಳಲ್ಲೂ ಹೀಗೆಯೇ. ಅವುಗಳ ಕಟ್ಟುತೂಕ 7.98 ಗ್ರಾಂ, ತೂಗಿದಾಗ ಕಡಿಮೆ ಬಂದರೆ ಮೊದಲು ಕೊಂಡಿ ಇದ್ದ ಜಾಗದ ಅಂಚನ್ನೇ ನೋಡಬೇಕು.

ಕೆನ್ನೆಯ ಎರಡು ಗೀರು ಮತ್ತು ಅಂಚಿನ ಕಚ್ಚಿನ ಕತೆ ಬೇರೆ. ಒಳಗೆ ತಾಮ್ರವೋ ಸೀಸವೋ ಇದ್ದು ಮೇಲೆ ಬೆಳ್ಳಿ ಲೇಪವಿದೆಯೇ ಎಂದು ತಿಳಿಯಲು ಚಿನಿವಾರರೂ ಗಿರವಿ ಹಿಡಿಯುವವರೂ ಉಳಿಯಿಂದ ಗೀರುತ್ತಿದ್ದರು, ಅಂಚಿಗೆ ತ್ರಿಕೋನ ಅರ ಹಾಕುತ್ತಿದ್ದರು, ಒರೆಗಲ್ಲಿಗೆ ಉಜ್ಜುತ್ತಿದ್ದರು. ಒರೆಗಲ್ಲಿಗೆ ಉಜ್ಜಿದ ಜಾಗದಲ್ಲಿ ಅಂಚಿನ ಎರಡು ಮೂರು ಗೆರೆಗಳ ತುದಿ ಮಾತ್ರ ಸಪಾಟಾಗಿರುತ್ತದೆ. ನಿಮ್ಮ ಕಚ್ಚು ಇಂಗ್ಲಿಷಿನ ವಿ ಅಕ್ಷರದಂತಿದ್ದು ಒಳಗೋಡೆಯಲ್ಲಿ ಅರದ ಸಣ್ಣ ಗೆರೆ ಕಂಡರೆ ಅದೂ ಪರೀಕ್ಷೆಯ ಗಾಯವೇ.

ಈ ಗಾಯಗಳು ಕೊಂಡಿಗಿಂತ ಮೊದಲೋ ಆಮೇಲೋ? ಗೀರಿನ ತುಟಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ತುಟಿ ಸವೆದು ಮೈಗೆ ಸಮನಾಗಿ, ಗೀರಿನ ತಳದಲ್ಲಿ ಕಪ್ಪು ಕೂತಿದ್ದರೆ ಗೀರು ಹಳೆಯದು, ಅದರ ಮೇಲೆ ಸವಕಳಿ ಬಂದಿದೆ. ಬೆರಳುಗುರು ಮೆಲ್ಲಗೆ ಹಾಯಿಸಿದಾಗ ತುಟಿ ಚುಚ್ಚಿದರೆ, ತಳ ಬೆಳ್ಳಗೆ ಹೊಳೆದರೆ, ತೀರ ಈಚಿನದು. ಅರದ ಗೆರೆ ಬೆಸುಗೆಯ ಮೇಲೂ ಹಾದುಹೋಗಿದ್ದರೆ ಅದು ಬೆಸುಗೆಗಿಂತ ಈಚಿನದು. ಯಾವುದರ ಮೇಲೆ ಯಾವುದು ಹಾದಿದೆ ಎಂಬುದನ್ನು ಬರೆಯುತ್ತ ಹೋದರೆ ನಾಣ್ಯದ ಬಾಳಿನ ಕ್ರಮ ತಾನೇ ಸಿಗುತ್ತದೆ. ಫೋಟೊದಿಂದ ನಮಗೆ ಕಂಡದ್ದು ಇದು: ಮೊದಲು ಚಲಾವಣೆ, ಆಗಲೇ ಕೆನ್ನೆಯ ಗೀರು, ಆಮೇಲೆ ಕೊಂಡಿ, ಬಹುಕಾಲ ಕೊರಳಲ್ಲಿ, ಕೊನೆಗೆ ಕೊಂಡಿ ಕಿತ್ತದ್ದು. ಕಚ್ಚು ಯಾವ ಹಂತದ್ದು ಎಂಬುದನ್ನು ಫೋಟೊ ಹೇಳುವುದಿಲ್ಲ, ಅಂಚನ್ನು ಕೈಯಲ್ಲಿ ಹಿಡಿದು ನೋಡುವ ನೀವೇ ಹೇಳಬಲ್ಲಿರಿ.

ಬೆಲೆಯ ಮಾತು: ಇದರಲ್ಲಿ ಸುಮಾರು 10.5 ಗ್ರಾಂ ಬೆಳ್ಳಿ ಇದೆ, ಮಾರುಕಟ್ಟೆ ಕೊಡುವುದು ಹೆಚ್ಚುಕಡಿಮೆ ಅದಕ್ಕೇ. ಟಂಕಸಾಲೆಯ ತಪ್ಪೆಂದು ಮಾರುವುದೂ ಕೊಳ್ಳುವುದೂ ಮೋಸ. ಬೆಸುಗೆ ತೆಗೆಸಿ, ಕಚ್ಚು ತುಂಬಿಸಿ ಸರಿಮಾಡಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಅದು ಇನ್ನೊಂದು ಗಾಯವಾಗುತ್ತದೆ, ಮೊದಲಿನವುಗಳ ಕತೆಯನ್ನೂ ಅಳಿಸುತ್ತದೆ.

ಪ್ರಶ್ನೆ: ಐದನೆಯ ಜಾರ್ಜ್ ರೂಪಾಯಿಯೊಂದು ನಡುವಿನವರೆಗೂ ಕತ್ತರಿಸಿದಂತಿದೆ. ಗೀರಲ್ಲ, ಆರಪಾರ ಸೀಳು. ಇಷ್ಟು ಗಟ್ಟಿಯಾಗಿ ಯಾರು ಕತ್ತರಿಸುತ್ತಾರೆ?
— ಗದಗದ ಓದುಗರು

ಉತ್ತರ: ಸರಕಾರವೇ ಕತ್ತರಿಸಿರಬಹುದು. 1906ರ ಭಾರತೀಯ ನಾಣ್ಯ ಕಾಯ್ದೆಯ ಪ್ರಕಾರ, ಖೋಟಾ ಎಂದು ಕಂಡ ನಾಣ್ಯವನ್ನೂ ಮಿತಿ ಮೀರಿ ತೂಕ ಕಳೆದುಕೊಂಡ ನಾಣ್ಯವನ್ನೂ ಕತ್ತರಿಸುವ ಅಧಿಕಾರ ನೇಮಕಗೊಂಡ ಅಧಿಕಾರಿಗಳಿಗಿತ್ತು. ಅದು ಮತ್ತೆ ಚಲಾವಣೆಗೆ ಬರಬಾರದೆಂಬುದೇ ಉದ್ದೇಶ. ಆದ್ದರಿಂದ ಮೊದಲು ಮೇಲೆ ಹೇಳಿದಂತೆ ತೂಕ, ಸಾಂದ್ರತೆ ನೋಡಿ. ಸಾಂದ್ರತೆ 10.3ಕ್ಕಿಂತ ತುಂಬ ಕೆಳಗಿದ್ದರೆ ಖೋಟಾ ಎಂದು ಕತ್ತರಿಸಿದ್ದು ಎನ್ನಲು ಆಧಾರ ಸಿಕ್ಕಿತು. ಸೀಳಿನ ಗೋಡೆಯಲ್ಲಿ ಒಳಲೋಹದ ಬಣ್ಣ ಹೊರಮೈಗಿಂತ ಬೇರೆ ಇದ್ದರಂತೂ ಅನುಮಾನವೇ ಇಲ್ಲ. ಕತ್ತರಿಯಿಂದಾದ ಸೀಳಿನ ಎರಡು ಗೋಡೆಗಳು ಒಂದು ಮೇಲೆ, ಒಂದು ಕೆಳಗೆ ಸರಿದಿರುತ್ತವೆ. ಗರಗಸದ್ದಾದರೆ ಗೋಡೆ ನೇರ, ನಡುವೆ ಲೋಹ ಕಳೆದುಹೋದ ಸಂದು, ಗೋಡೆಯಲ್ಲಿ ಹಲ್ಲಿನ ಗೆರೆ. ಗರಗಸ ಕಂಡರೆ ಬೊಕ್ಕಸದ ಕಡೆ ಬೆರಳು ತೋರಿಸಬೇಡಿ, ಆಭರಣ ಮಾಡಲು ಹೊರಟವರ ಕೆಲಸವಿರಬೇಕು.

ಪ್ರಶ್ನೆ: ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಪೈಸೆಯೊಂದು ಮನೆಯಲ್ಲಿತ್ತು. ಕಪ್ಪಗಿತ್ತೆಂದು ದೇವರ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಬೆಳಗಿದೆವು. ಚೆನ್ನಾಗಿ ಕಂಡಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ತಿಳಿಹಸಿರು ಪುಡಿ ಏಳುತ್ತಿದೆ. ಒರೆಸಿದರೆ ಹೋಗುತ್ತದೆ, ಹದಿನೈದು ದಿನಕ್ಕೆ ಮತ್ತೆ ಬರುತ್ತದೆ. ಆನೆಯ ಕಾಲಿನ ಹತ್ತಿರ ಗುಳಿಯೂ ಬಿದ್ದಿದೆ.
— ಮಂಗಳೂರಿನ ಓದುಗರು

ಉತ್ತರ: ಈ ಪತ್ರ ಓದಿ ಬೇಸರವಾಯಿತು, ಆದರೆ ನಾಣ್ಯ ಇನ್ನೂ ಕೈಬಿಟ್ಟಿಲ್ಲ. ಅದಕ್ಕೆ ತಗುಲಿರುವುದನ್ನು ನಾಣ್ಯ ಬಲ್ಲವರು 'ಕಂಚಿನ ರೋಗ' ಎನ್ನುತ್ತಾರೆ. ತಾಮ್ರಕ್ಕೂ ಬರುತ್ತದೆ. ಮೂಲ ಕಾರಣ ಕ್ಲೋರೈಡ್, ಅಂದರೆ ಉಪ್ಪಿನ ಅಂಶ. ಹುಣಸೆಯ ಹುಳಿ, ನಾಣ್ಯವನ್ನು ಇನ್ನೂರು ವರ್ಷ ಕಾಪಾಡಿದ್ದ ಗಟ್ಟಿ ಕಪ್ಪುಪದರವನ್ನು ಕರಗಿಸಿತು. ಬೆತ್ತಲಾದ ತಾಮ್ರದ ಸಣ್ಣ ಸಣ್ಣ ರಂಧ್ರಗಳಿಗೆ ಉಪ್ಪು ಇಳಿಯಿತು. ದೇವರ ತಂಬಿಗೆಯನ್ನು ವಾರಕ್ಕೊಮ್ಮೆ ಬೆಳಗಿ ತೊಳೆಯುತ್ತೀರಿ, ಅದು ನುಣುಪಾದ ತಗಡು, ಉಪ್ಪು ನಿಲ್ಲುವುದಿಲ್ಲ. ಹಳೆಯ ನಾಣ್ಯದ ಮೈ ಹಾಗಲ್ಲ, ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಒಳಗೆ ಹುಟ್ಟಿದ ತಾಮ್ರದ ಕ್ಲೋರೈಡಿಗೆ ತೇವ, ಗಾಳಿ ಸಿಕ್ಕಿದೊಡನೆ ಅದು ಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಆಮ್ಲವನ್ನು ಬಿಡುತ್ತದೆ. ಆ ಆಮ್ಲ ಹೊಸ ತಾಮ್ರವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡ್ ಹುಟ್ಟುತ್ತದೆ. ನೀವು ಪುಡಿ ಒರೆಸಿದಾಗ ಬೇರು ಒಳಗೇ ಉಳಿದಿರುತ್ತದೆ, ಆದ್ದರಿಂದ ಮತ್ತೆ ಮತ್ತೆ ಬರುತ್ತದೆ.

ಎಲ್ಲ ಹಸಿರೂ ರೋಗವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕಡುಹಸಿರಾಗಿ, ನುಣುಪಾಗಿ, ಹಲ್ಲುಕಡ್ಡಿಯಿಂದ ಕೆರೆದರೂ ಏಳದ ಕಿಲುಬು ನಾಣ್ಯಕ್ಕೆ ಕವಚ, ಅದನ್ನು ಮುಟ್ಟಬೇಡಿ. ತಿಳಿಹಸಿರಾಗಿ, ಹಿಟ್ಟಿನ ಹಾಗೆ ಉದುರಿ, ಕೆಳಗೆ ಗುಳಿ ತೋರಿಸುವುದು ರೋಗ. ಗುಳಿಯ ತಳದಲ್ಲಿ ಮೇಣದಂಥ ನಸುಬೂದು ವಸ್ತು ಕಂಡರೆ ಅದೇ ಆ ಕ್ಲೋರೈಡ್. ಅನುಮಾನವಿದ್ದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಉಂಡೆಯೊಂದನ್ನು ಇಟ್ಟು, ಅದಕ್ಕೆ ತಾಗದಂತೆ ನಾಣ್ಯವನ್ನು ಎರಡು ದಿನ ಇಡಿ. ರೋಗ ಜೀವಂತವಿದ್ದರೆ ತಿಳಿಹಸಿರು ಚುಕ್ಕೆ ಮೂಡುತ್ತದೆ.

ಇನ್ನು ಉಪಚಾರ. ಹಲ್ಲುಕಡ್ಡಿ ಅಥವಾ ಬಿದಿರುಕಡ್ಡಿಯಿಂದ ಪುಡಿಯನ್ನೆಲ್ಲ ಬಿಡಿಸಿ, ಗುಳಿಯೊಳಗಿನ ಮೇಣವನ್ನೂ ಸಿಕ್ಕಷ್ಟು ತೆಗೆಯಿರಿ. ಲೋಹದ ಸೂಜಿ ಬೇಡ. ಆಮೇಲೆ ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ನೀರು ಹಾಕಿ ನೆನೆಯಿಡಿ. ನಲ್ಲಿ ನೀರಲ್ಲೂ ಬಾವಿ ನೀರಲ್ಲೂ ಕ್ಲೋರೈಡ್ ಇರುತ್ತದೆ, ಅದರಲ್ಲಿ ನೆನೆಸಿ ಉಪಯೋಗವಿಲ್ಲ. ಮೊದಲ ವಾರ ದಿನಾ ನೀರು ಬದಲಿಸಿ, ಆಮೇಲೆ ವಾರಕ್ಕೊಮ್ಮೆ. ಒಂದೆರಡು ತಿಂಗಳು ಹಿಡಿಯಬಹುದು. ರೋಗ ಜೋರಾಗಿದ್ದರೆ ನೀರಿನ ಬದಲು ಸೋಡಾ ದ್ರಾವಣ: 1 ಲೀಟರ್ ಡಿಸ್ಟಿಲ್ಡ್ ನೀರಿಗೆ 24 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೊನೇಟ್, 19 ಗ್ರಾಂ ಅಡುಗೆ ಸೋಡಾ. ಕಾರ್ಬೊನೇಟ್ ಹರಳಿನ ರೂಪದ ವಾಷಿಂಗ್ ಸೋಡಾ ಆಗಿದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ 65 ಗ್ರಾಂ ಬೇಕು. ಇದನ್ನೂ ವಾರಕ್ಕೊಮ್ಮೆ ಬದಲಿಸಿ. ದ್ರಾವಣ ನೀಲಿಗೆ ತಿರುಗತೊಡಗಿದರೆ ತಾಮ್ರವೂ ಕರಗುತ್ತಿದೆ ಎಂದು ಅರ್ಥ, ಕೂಡಲೇ ತೆಗೆದು ಬರೀ ಡಿಸ್ಟಿಲ್ಡ್ ನೀರಿಗೆ ವರ್ಗಾಯಿಸಿ. ಬೇಗ ಆಗಲೆಂದು ಗಾಢ ಮಾಡಿದರೂ ಹೀಗೇ ಆಗುತ್ತದೆ.

ಕೊನೆಗೆ ಶುದ್ಧ ಅಸಿಟೋನಿನಲ್ಲಿ ಹತ್ತು ನಿಮಿಷ ಮುಳುಗಿಸಿದರೆ ಗುಳಿಗಳೊಳಗಿನ ನೀರು ಹೊರಬರುತ್ತದೆ. ಗಾಳಿಗೆ ಒಣಗಿಸಿ. ಅಸಿಟೋನ್ ಬೆಂಕಿಗೆ ತೀರ ಬೇಗ ಹತ್ತಿಕೊಳ್ಳುತ್ತದೆ, ಒಲೆ, ದೀಪ, ಊದುಬತ್ತಿ ಹತ್ತಿರ ಇರಬಾರದು. ಒಣಗಿದ ಮೇಲೆ ಮೇಲೆ ಹೇಳಿದ ಒದ್ದೆ ಹತ್ತಿಯ ಪರೀಕ್ಷೆ ಮತ್ತೆ ಮಾಡಿ. ಚುಕ್ಕೆ ಬಂದರೆ ಮೊದಲಿನಿಂದ.

ಗುಣವಾದ ಮೇಲೂ ನಿಮ್ಮೂರಿನ ಹವೆಯೇ ದೊಡ್ಡ ಶತ್ರು. ಗಾಳಿಯ ತೇವಾಂಶ ನೂರಕ್ಕೆ 40ರ ಕೆಳಗಿದ್ದರೆ ಈ ರೋಗ ಮಲಗಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದು ದಿನಗಟ್ಟಲೆ 80ರ ಮೇಲೆಯೇ ಇರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟು, ಬಣ್ಣ ತಿರುಗಿದಾಗಲೆಲ್ಲ ಅದನ್ನು ಬಿಸಿಮಾಡಿ ಮತ್ತೆ ಇಡಿ. ಬೇರೆ ತಾಮ್ರದ ನಾಣ್ಯಗಳ ಜೊತೆ ಇಡಬೇಡಿ, ಉದುರಿದ ಪುಡಿ ಅವುಗಳ ಮೇಲೆ ಬಿದ್ದರೆ ಕ್ಲೋರೈಡ್ ಅಲ್ಲಿಗೂ ಹೋಗುತ್ತದೆ. ಬಿದ್ದ ಗುಳಿ ತುಂಬುವುದಿಲ್ಲ, ಹೊಸ ಗುಳಿ ಬೀಳದ ಹಾಗೆ ನೋಡಿಕೊಳ್ಳಬಹುದು.

ಪ್ರಶ್ನೆ: ಸ್ಟೀಲಿನ ಒಂದು ರೂಪಾಯಿ ನಾಣ್ಯ. ಒಂದು ಬದಿಯಲ್ಲಿ ಮೂರು ಸಿಂಹದ ಮುದ್ರೆ ಉಬ್ಬಿಲ್ಲ, ಒಳಕ್ಕೆ ಇಳಿದಿದೆ, ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಇದು ಬ್ರೋಕೇಜ್ ಎಂಬ ಅಪರೂಪದ ತಪ್ಪೆಂದು ಹೇಳಿ ಎಂಟು ಸಾವಿರ ಕೇಳುತ್ತಿದ್ದಾರೆ. ಕೊಳ್ಳಬಹುದೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಇನ್ನೊಂದು ಬದಿ ನೋಡದೆ ದುಡ್ಡು ಕೊಡಬೇಡಿ. ಬ್ರೋಕೇಜ್ ಆಗುವುದು ಹೀಗೆ: ಅಚ್ಚೊತ್ತಿದ ನಾಣ್ಯ ಹೊರಬೀಳದೆ ಒಂದು ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆ, ಅಂದರೆ ಇನ್ನೂ ಅಚ್ಚೊತ್ತದ ಲೋಹದ ತುಂಡು, ಬಂದಾಗ ಒಂದು ಬದಿಗೆ ಅಚ್ಚಿನ ಬದಲು ಆ ಅಂಟಿದ ನಾಣ್ಯವೇ ಒತ್ತುತ್ತದೆ. ಇನ್ನೊಂದು ಬದಿಗೆ ಅಚ್ಚು ಎಂದಿನಂತೆ ಬೀಳುತ್ತದೆ. ಆದ್ದರಿಂದ ನಿಜವಾದ ಬ್ರೋಕೇಜಿನಲ್ಲಿ ಉಲ್ಟಾ ಚಿತ್ರವಿರುವ ಬದಿಯಲ್ಲಿ ಬೇರಾವ ಚಿತ್ರವೂ ಇರಬಾರದು, ಎದುರು ಬದಿ ಚೂಪಾಗಿ ಮೂಡಿರಬೇಕು. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವೈಸಿನಲ್ಲಿ ಬಿಗಿದರೂ ಸುತ್ತಿಗೆಯಿಂದ ಬಡಿದರೂ ಉಲ್ಟಾ ಗುರುತು ಬೀಳುತ್ತದೆ. ಆದರೆ ಅದರ ಕೆಳಗೆ ನಾಣ್ಯದ ಸ್ವಂತ ಚಿತ್ರದ ಅವಶೇಷ ಅಡ್ಡಾದಿಡ್ಡಿ ಇಣುಕುತ್ತದೆ. ಎದುರು ಬದಿ ವೈಸಿನ ದವಡೆಗೆ ಒತ್ತಿ ಸಪಾಟಾಗಿರುತ್ತದೆ, ಅಲ್ಲಿ ಎತ್ತರದ ಭಾಗಗಳ ನೆತ್ತಿ ಕನ್ನಡಿಯಂತೆ ಹೊಳೆಯುತ್ತದೆ. ಅಂಚಿನ ಏರೂ ಜಜ್ಜಿರುತ್ತದೆ.

ಇದರ ಜೊತೆ ಕೇಳಬಹುದಾದ ಇನ್ನೊಂದು ಪ್ರಶ್ನೆ, ಅಂಚು ಕಚ್ಚಿದಂತೆ ಅರ್ಧಚಂದ್ರಾಕಾರದಲ್ಲಿ ಹೋಗಿರುವ ನಾಣ್ಯಗಳದ್ದು. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಮೊದಲೇ ಕತ್ತರಿಸಿದ ತೂತಿನ ಮೇಲೆ ಯಂತ್ರ ಬಿದ್ದರೆ ಟಂಕಸಾಲೆಯಲ್ಲೇ ಹೀಗಾಗುತ್ತದೆ. ಆಗ ಕಚ್ಚಿನ ನೇರ ಎದುರಿನ ಅಂಚೂ ದುರ್ಬಲವಾಗಿ, ತೆಳ್ಳಗೆ ಮೂಡಿರುತ್ತದೆ. ಅಂಚನ್ನು ಏರಿಸುವ ಯಂತ್ರ ಎರಡೂ ಕಡೆಯಿಂದ ಒತ್ತಬೇಕು, ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೆ ಒತ್ತಡ ಸಿಗುವುದಿಲ್ಲ. ಜೊತೆಗೆ ಕಚ್ಚಿನ ಹತ್ತಿರದ ಅಕ್ಷರಗಳು ಅದರತ್ತ ಹರಿದು ಎಳೆದಂತೆ ಕಾಣುತ್ತವೆ. ಎದುರಂಚು ಗಟ್ಟಿಯಾಗಿದ್ದು ಅಕ್ಷರಗಳು ಚಾಕುವಿನಿಂದ ಕುಯ್ದಂತೆ ನಿಂತಿದ್ದರೆ ಆಮೇಲೆ ಕತ್ತರಿಸಿದ್ದು.

ಪ್ರಶ್ನೆ: 1944ರ ಪೈಸೆಯ ನಡುವೆ ದೊಡ್ಡ ತೂತಿದೆ. ಸರಕ್ಕೆ ಪೋಣಿಸಲು ಕೊರೆದದ್ದೇ?
— ಚನ್ನರಾಯಪಟ್ಟಣದ ಓದುಗರು

ಉತ್ತರ: ಅಲ್ಲ. 1943ರಿಂದ 1947ರವರೆಗಿನ ಒಂದು ಪೈಸೆ ಹುಟ್ಟಿದ್ದೇ ತೂತಿನೊಂದಿಗೆ. ಯುದ್ಧಕಾಲದ ತಾಮ್ರದ ಅಭಾವಕ್ಕೆ ಮಾಡಿದ ಉಪಾಯವದು. ತೂಕ ಸುಮಾರು 2 ಗ್ರಾಂ. ಬೇರೆ ನಾಣ್ಯಗಳಲ್ಲಿ ತೂತು ಕಂಡರೆ ಒಳಗೋಡೆ ನೋಡಿ. ಡ್ರಿಲ್ ಆದರೆ ಸುರುಳಿ ಗೆರೆ, ಮೊಳೆ ಹೊಡೆದದ್ದಾದರೆ ಹೊಡೆದ ಬದಿ ಬಟ್ಟಲಿನಂತೆ ತಗ್ಗು, ಹೊರಬಂದ ಬದಿಯಲ್ಲಿ ಲೋಹ ಹೂವಿನ ಎಸಳಿನಂತೆ ಸೀಳಿ ಎದ್ದಿರುತ್ತದೆ. ಎಸಳುಗಳನ್ನು ಮತ್ತೆ ಬಡಿದು ಮಟ್ಟ ಮಾಡಿದ್ದರೆ ತೊಡಲು ಮಾಡಿದ್ದು, ಇಲ್ಲವಾದರೆ ಮೈಗೆ ಚುಚ್ಚುತ್ತದೆ. ಹಾಗೇ ಎದ್ದಿದ್ದರೆ ಹೊಸ್ತಿಲಿಗೋ ಮರದ ಪೆಟ್ಟಿಗೆಗೋ ಮೊಳೆ ಹೊಡೆದು ಕೂರಿಸಿದ್ದಿರಬಹುದು.

ಪ್ರಶ್ನೆ: ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕ ಬಗ್ಗೆ ಓದುವಾಗ, ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಗೆ ಉಳಿಯೇಟು ಇರುತ್ತದೆ ಎಂದು ತಿಳಿಯಿತು. ಯಾಕೆ?
— ಇತಿಹಾಸ ವಿದ್ಯಾರ್ಥಿನಿ, ಮೈಸೂರು

ಉತ್ತರ: ಇದಕ್ಕೆ ಹೆಸರಾದ ಉದಾಹರಣೆ ತಮಿಳುನಾಡಿನ ಪುದುಕ್ಕೋಟ್ಟೈ ನಿಧಿ. 1898ರಲ್ಲಿ ಸಿಕ್ಕ ಅದರ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿಗೆ ಈ ಏಟಿದೆ. ಚಿನ್ನ ಪರೀಕ್ಷಿಸಲು ಎಂಬುದು ಮೊದಲು ಹೊಳೆಯುವ ಉತ್ತರ. ಆದರೆ ಪರೀಕ್ಷೆಗೆ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಸಾಕು. ಇಲ್ಲಿ ಏಟು ಬೇಕೆಂದೇ ಮುಖದ ಮೇಲೆ, ಆಳವಾಗಿ, ಒಂದೇ ಸಲಕ್ಕೆ ಬಿದ್ದಿದೆ. ಆದ್ದರಿಂದ ನಾಣ್ಯವಾಗಿ ಅದನ್ನು ರದ್ದುಮಾಡಿ, ಮುಂದೆ ತೂಕದ ಚಿನ್ನವಾಗಿ ಮಾತ್ರ ನಡೆಯಲಿ ಎಂದು ಮಾಡಿದ್ದು ಎಂಬ ವಾದ ನಮಗೆ ಹೆಚ್ಚು ಸರಿ ಕಾಣುತ್ತದೆ. ವಿದ್ವಾಂಸರಲ್ಲಿ ಇದಕ್ಕೆ ಒಮ್ಮತವಿಲ್ಲ. ನೀವು ವಸ್ತುಸಂಗ್ರಹಾಲಯದಲ್ಲಿ ಇಂಥದೊಂದನ್ನು ನೋಡುವಾಗ ಏಟಿನ ತುಟಿಗಳನ್ನು ಗಮನಿಸಿ. ಅಷ್ಟು ಮೆತ್ತಗಿನ ಚಿನ್ನದಲ್ಲೂ ತುಟಿ ಚೂಪಾಗಿ ಉಳಿದಿದ್ದರೆ, ಏಟು ಬಿದ್ದ ಮೇಲೆ ಅದು ಹೆಚ್ಚು ಕೈ ದಾಟಿಲ್ಲ.

ಪ್ರಶ್ನೆ: ಹತ್ತು ವರ್ಷದಿಂದ ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿ ಜೋಪಾನ ಮಾಡಿದ ನಿಕ್ಕಲ್ ನಾಣ್ಯಗಳ ಮೇಲೆ ಹಸಿರು ಜಿಗುಟು ಬಂದಿದೆ. ಯಾರೂ ಮುಟ್ಟಿಲ್ಲ. ಹಾಳಾದದ್ದು ಹೇಗೆ?
— ಪುಣೆಯಲ್ಲಿರುವ ಕನ್ನಡಿಗ ಓದುಗರು

ಉತ್ತರ: ಆಲ್ಬಮ್ಮೇ ಹಾಳುಮಾಡಿದೆ. ಮೆತ್ತಗೆ ಬಾಗುವ, ಮಳೆಕೋಟಿನ ವಾಸನೆಯ ಪಾಕೆಟ್‌ಗಳು ಪಿವಿಸಿಯವು. ಕಾಲ ಕಳೆದಂತೆ ಅದರಿಂದ ಎಣ್ಣೆಯಂಥ ಮೆದುಕಾರಕ ಒಸರುತ್ತದೆ, ಆಮ್ಲವೂ ಹೊರಬರುತ್ತದೆ. ಎರಡೂ ಸೇರಿ ನಾಣ್ಯದ ತಾಮ್ರಾಂಶವನ್ನು ತಿಂದು ಆ ಹಸಿರು ಜಿಗುಟಾಗುತ್ತದೆ.

ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ಉಗುರಿನ ಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಸುಗಂಧ, ಎಣ್ಣೆ, ನೀರು ಬೆರೆತಿರುತ್ತದೆ. ಪ್ಲಾಸ್ಟಿಕ್ ಬಟ್ಟಲೂ ಬೇಡ, ಅಸಿಟೋನ್ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸಿ ನಾಣ್ಯಕ್ಕೇ ಅಂಟಿಸುತ್ತದೆ. ಉಜ್ಜದೆ ಎತ್ತಿ, ಹೊಸ ಅಸಿಟೋನಿನ ಎರಡನೆಯ ಬಟ್ಟಲಿಗೆ ಹಾಕಿ, ಮತ್ತೆ ಐದು ನಿಮಿಷ. ಗಾಳಿಗೆ ಒಣಗಲಿ. ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಜಿಗುಟು ಹೋದ ಮೇಲೆ ಮಂಕು ಕಲೆಯೋ ಸಣ್ಣ ಗುಳಿಯೋ ಉಳಿದರೆ ಅದು ಲೋಹವೇ ಸವೆದದ್ದು, ಇನ್ನು ಹೋಗದು.

ಹೊಸ ಪಾಕೆಟ್ ಕೊಳ್ಳುವಾಗ ಅದು ಪಿವಿಸಿ ಹೌದೋ ಅಲ್ಲವೋ ನೋಡಲು ಒಂದು ಚೂರು ಸಾಕು. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ನೀಲಿ ಉರಿಯಲ್ಲಿ ಕಾಯಿಸಿ, ಉರಿಗೆ ಬಣ್ಣ ಬರುವುದು ನಿಂತ ಮೇಲೆ ಬಿಸಿ ತಂತಿಯನ್ನು ಪ್ಲಾಸ್ಟಿಕ್ ಚೂರಿಗೆ ಒತ್ತಿ ಮತ್ತೆ ಉರಿಗೆ ಹಿಡಿಯಿರಿ. ಹಸಿರು ಉರಿ ಬಂದರೆ ಕ್ಲೋರಿನ್ ಇದೆ, ಆ ಪಾಕೆಟ್ ಬೇಡ. ಹೊಗೆ ಕೆಟ್ಟದ್ದು, ಈ ಪರೀಕ್ಷೆಯನ್ನು ಅಸಿಟೋನ್ ಬಳಿ ಎಲ್ಲೂ ಮಾಡದೆ ಹೊರಗೆ ಅಂಗಳದಲ್ಲಿ ಮಾಡಿ.